ಕಳ್ಳಗಣ್ಣು: ಕನ್ನಡಕದ ಅಂಗಡಿಯ ವಿಳಾಸ

"ಸ್ವಲ್ಪ ನಿಧಾನಕ್ಕೆ ಉಸಿರಾಡ್ರೀ," ಲಾಯರಮ್ಮ ಪಿಸುಗುಟ್ಟಿದರು. "ರಸ್ತೆವರೆಗೂ ಕೇಳಿಸ್ತಿದೆ."

"ಕೋಪ ಬಂದಾಗ ನಾನು ಹೀಗೇ ಉಸಿರಾಡೋದು ಮೇಡಂ."

"ಹಾಗಾದ್ರೆ ಹತ್ತೊಂಬತ್ತು ದಿನದಿಂದ ಹೀಗೇ ಇದೀರಾ ಅನ್ನಿ."

ಸುಳ್ಳೇನಲ್ಲ. ಹತ್ತೊಂಬತ್ತು ದಿನದಿಂದ ನಾನು ಹಲ್ಲು ಕಚ್ಚಿಕೊಂಡೇ ಓಡಾಡುತ್ತಿದ್ದೆ.

ಮುಚ್ಚಿಹೋದ ಕನ್ನಡಕದ ಅಂಗಡಿಯೊಂದರ ಕೌಂಟರ್ ಹಿಂದೆ ನಾವಿಬ್ಬರೂ ಮುದುಡಿಕೊಂಡು ಕೂತಿದ್ದೆವು. ಅಂಗಡಿ ಲಾಯರಮ್ಮನ ಹಳೆಯ ಕಕ್ಷಿದಾರರದು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಪಟ ಇನ್ನೂ ತೂಗಾಡುತ್ತಿತ್ತು. ಗಾಜಿಲ್ಲದ ಫ್ರೇಮುಗಳು ಸಾಲಾಗಿ ಧೂಳು ಹಿಡಿದು ನಿಂತಿದ್ದವು. ಶಟರನ್ನು ಸೊಂಟದೆತ್ತರಕ್ಕೆ ತೆರೆದಿಟ್ಟಿದ್ದೆವು. ಬೆಳಗಿನ ಬಿಸಿಲು ಅಷ್ಟೇ ಎತ್ತರಕ್ಕೆ ಒಳಗೆ ಬಂದು ಬಿದ್ದಿತ್ತು. ಗಂಟೆ ಹತ್ತೂವರೆ.

ಇದುವರೆಗೆ ನಡೆದದ್ದು ಇಷ್ಟೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಚ್ಚಿಟ್ಟುಕೊಂಡಿದ್ದ ಟೀಚರ್ ಒಬ್ಬರ ಹೊಸ ವಿಳಾಸ, ಅವರ ಪರ ಕೇಸು ನಡೆಸುವ ಈ ಲಾಯರಮ್ಮನ ಅರ್ಜಿಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಡುವ ನನ್ನ ಅಕ್ಕನ ಕಂಪ್ಯೂಟರಿನಿಂದ ಸೋರಿ, ಆ ಗಂಡನ ಕೈಗೇ ಸಿಕ್ಕಿತ್ತು. ಅವನು ಹುಡುಕಿಕೊಂಡು ಹೋಗಿ ಅವರ ದವಡೆ ಮುರಿದು ಬಂದ. ಈಗ ಅವನು ಜೈಲಿನಲ್ಲಿದ್ದಾನೆ, ಟೀಚರ್ ಆಸ್ಪತ್ರೆಯಲ್ಲಿದ್ದಾರೆ. ವಿಳಾಸ ಕೊಟ್ಟವಳು ಎಂಬ ಆರೋಪ ನನ್ನ ಅಕ್ಕನ ತಲೆ ಮೇಲೆ ಕೂತಿದೆ. ನಾಳೆ ಹನ್ನೊಂದಕ್ಕೆ ಕೋರ್ಟು. ಯಾರು ಕದ್ದರು ಎಂದು ಅಷ್ಟರೊಳಗೆ ತೋರಿಸದಿದ್ದರೆ ಅಕ್ಕ ಕೋರ್ಟಿನಿಂದ ನೇರ ಜೈಲಿಗೆ.

ನಾನು ಕಂಪ್ಯೂಟರ್ ರಿಪೇರಿ ಮಾಡುವವಳು. ಹದಿನಾಲ್ಕು ವರ್ಷದಿಂದ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದೇನೆ. ಬೀದಿಯವರಿಗೆಲ್ಲ ನಾನು 'ರಿಪೇರಿಯಮ್ಮ'. ಪರರ ಮನೆಯ ಕಂಪ್ಯೂಟರಿಗೆ ಏನಾದರೂ ಆದರೆ ನಗುತ್ತಾ ಹೋಗಿ ಸರಿಮಾಡಿ ಬರುತ್ತೇನೆ. ನನ್ನ ಅಕ್ಕನ ಕಂಪ್ಯೂಟರಿಗೆ ಕೈ ಹಾಕಿದವರನ್ನು ಮಾತ್ರ ಸುಮ್ಮನೆ ಬಿಡುವವಳಲ್ಲ. ಅವರ ಹತ್ತು ಬೆರಳನ್ನೂ ಒಂದೊಂದಾಗಿ ಮುರಿಯಬೇಕು, ಇನ್ನು ಜನ್ಮದಲ್ಲಿ ಕೀಬೋರ್ಡ್ ಮುಟ್ಟಬಾರದು ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶಪಥ ಮಾಡಿದ್ದೆ. ಈ ಮಾತು ಓದಿ ಯಾರಿಗಾದರೂ ಅತಿಯಾಯಿತು ಅನ್ನಿಸಿದರೆ, ಅವರು ಟೀಚರ್ ಮುಖ ನೋಡಿಲ್ಲ ಎಂದೇ ಅರ್ಥ.

ಅಕ್ಕನ ಕಂಪ್ಯೂಟರಿನಲ್ಲಿ ಕಳ್ಳನನ್ನು ಹುಡುಕಲು ನನಗೆ ಅರ್ಧ ಗಂಟೆಯೂ ಹಿಡಿದಿರಲಿಲ್ಲ. ಎರಡು ತಿಂಗಳಿಂದ ಅವಳ ಸ್ಕ್ರೀನ್ ಮೇಲೆ ಚಪ್ಪಲಿ, ಹಾಸಿಗೆ, ತೂಕ ಇಳಿಸುವ ಪುಡಿ, ಬೇಡದ್ದೆಲ್ಲ ತಾನಾಗಿಯೇ ಬಂದು ಕುಣಿಯುತ್ತಿತ್ತು. ಒಂದನ್ನು ಮುಚ್ಚಿದರೆ ಎರಡು ತೆರೆದುಕೊಳ್ಳುತ್ತಿದ್ದವು.

"ಜಾಹೀರಾತು ತಾನೇ, ಅಷ್ಟಕ್ಕೆಲ್ಲ ನಿನ್ನನ್ನ ಯಾಕೆ ಕರೀಲಿ ಅಂತ ಸುಮ್ನಾದೆ ಕಣೇ," ಎಂದಿದ್ದಳು ಅಕ್ಕ.

ಆ ಜಾಹೀರಾತುಗಳ ಬೆನ್ನ ಹಿಂದೆ ಕೂತಿತ್ತು ಅದು. ಅಕ್ಕ ಒತ್ತಿದ ಒಂದೊಂದು ಅಕ್ಷರವನ್ನೂ ಬರೆದಿಟ್ಟುಕೊಂಡು, ಆಗಾಗ ಸ್ಕ್ರೀನಿನ ಫೋಟೋ ತೆಗೆದು ಎಲ್ಲಿಗೋ ಕಳಿಸುವ ಸ್ಪೈವೇರ್. ನಾನು ಅದಕ್ಕೆ ಕಳ್ಳಗಣ್ಣು ಎಂದು ಹೆಸರಿಟ್ಟೆ. ಯಾವತ್ತು ಒಳಗೆ ಬಂತು ಎಂದು ನೋಡಿದರೆ, ದಿನಾ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುವ ಜಾತಿ ಅದು. ನಿನ್ನೆಯ ತಾರೀಖನ್ನೇ ತೋರಿಸುತ್ತಿತ್ತು.

ಬೇರೆಯವರ ಮನೆಯಾಗಿದ್ದರೆ ಇಂಟರ್ನೆಟ್ ವೈರು ಕಿತ್ತು, ಬೇಡದ ಪ್ರೋಗ್ರಾಮುಗಳನ್ನೆಲ್ಲ ತೆಗೆದು, ಎರಡು ಸಲ ಸ್ಕ್ಯಾನ್ ಮಾಡಿ, ಪಾಸ್‌ವರ್ಡುಗಳನ್ನು ಇನ್ನೊಂದು ಕಂಪ್ಯೂಟರಿನಿಂದ ಬದಲಾಯಿಸಿ ಎಂದು ಹೇಳಿ ಬರುತ್ತಿದ್ದೆ. ಈ ಸಲ ಹಾಗೆ ಮಾಡಲಿಲ್ಲ. ಪೊಲೀಸರು ಡಿಸ್ಕಿನ ನಕಲು ತೆಗೆದುಕೊಂಡು ಹೋದ ಮೇಲೆ, ಕಳ್ಳಗಣ್ಣನ್ನು ಕೂತಲ್ಲೇ ಕೂರಲು ಬಿಟ್ಟೆ. ನೋಡಲಿ, ನಾವು ತೋರಿಸಿದ್ದನ್ನೇ ನೋಡಲಿ.

ಟೀಚರ್ ಆಸ್ಪತ್ರೆಯಿಂದ ಬಿಡುಗಡೆಯಾಗಿ ಈ ಕನ್ನಡಕದ ಅಂಗಡಿಯಲ್ಲಿ ಅಡಗಿದ್ದಾರೆ ಎಂದು ಒಂದು ಸುಳ್ಳು ಅರ್ಜಿ. ಅದನ್ನು ಅಕ್ಕ ತನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಹನ್ನೊಂದು ಗಂಟೆಗೆ ಟೈಪ್ ಮಾಡಬೇಕು. ಇನ್ಸ್‌ಪೆಕ್ಟರು ಅದೇ ಹನ್ನೊಂದಕ್ಕೆ ಇಬ್ಬರು ಪೇದೆಗಳನ್ನು ಕಳಿಸುತ್ತಾರೆ. ಆಮೇಲೆ ಯಾರು ಈ ಶಟರಿನ ಕೆಳಗೆ ತಲೆ ಬಗ್ಗಿಸಿ ಬರುತ್ತಾರೋ ಅವರ ಕುತ್ತಿಗೆ ನಮ್ಮ ಕೈಯಲ್ಲಿ.

"ನಿಮ್ಮ ಅನುಮಾನ ಈಗ್ಲೂ ನಮ್ಮ ಗುಮಾಸ್ತನ ಮೇಲೇನಾ?" ಲಾಯರಮ್ಮ ಕೇಳಿದರು.

"ಅವನು ಅಕ್ಕನ ಮನೆಗೆ ಕಾಗದ ತಂದಾಗೆಲ್ಲ ಮುಖ ಕೊಟ್ಟು ಮಾತಾಡಲ್ಲ."

"ಅವನು ಯಾರಿಗೂ ಮುಖ ಕೊಡಲ್ಲ. ಮೌಸ್ ಹಿಡಿಯೋಕೂ ಹೆದರ್ತಾನೆ, ಅವನೆಲ್ಲಿ ಸ್ಪೈವೇರ್ ಹಾಕ್ತಾನೆ?"

"ಹಾಗಾದ್ರೆ ಇಂಟರ್ನೆಟ್‌ನವನು. ಎರಡು ಸಲ ಅಕ್ಕನ ಕಂಪ್ಯೂಟರ್ ಮುಂದೆ ಕೂತಿದ್ದ."

"ಅವನ ಕಾಲರ್ ಹಿಡ್ಕೊಂಡಿದ್ರಂತಲ್ಲ ಮೊನ್ನೆ?"

"ಕಾಲರ್ ಅಲ್ಲ, ಬರೀ ಬ್ಯಾಗು." ಅದೂ ಪೂರ್ತಿ ನಿಜವಲ್ಲ. "ಅಥವಾ ಮಹಡಿ ಮೇಲಿನ ಬಾಡಿಗೆಯವರು. ವಾರಕ್ಕೊಂದು ಸಲ ಪ್ರಿಂಟ್ ತಗೊಳ್ಳೋಕೆ ಬರ್ತಾರೆ. ಮೂವರಲ್ಲಿ ಒಬ್ರು. ಯಾರೇ ಆಗಿರ್ಲಿ, ನನ್ನ ಕೈಗೆ ಸಿಗ್ಲಿ, ಆಮೇಲೆ ನೋಡ್ಕೊಳ್ತೀನಿ."

"ನೀವು ನೋಡ್ಕೊಳ್ಳೋದು ಬೇಡ. ಕೋರ್ಟು ನೋಡ್ಕೊಳ್ಳುತ್ತೆ."

ಹೊರಗೆ ಸೈಕಲ್ಲೊಂದು ನಿಂತ ಸದ್ದಾಯಿತು.

ಶಟರಿನ ಕೆಳಗೆ ಎರಡು ಕಾಲುಗಳು ಕಂಡವು. ದಪ್ಪ ಬೂಟು, ಪ್ಯಾಂಟಿನ ಅಂಚಿಗೆಲ್ಲ ಒಣಗಿದ ಸಿಮೆಂಟು. ನಾನು ವಾಚು ನೋಡಿಕೊಂಡೆ. ಹತ್ತೂ ನಲವತ್ತು.

"ಪೇದೆಗಳು ಬೇಗ ಬಂದ್ರಾ?" ಎಂದು ಲಾಯರಮ್ಮ ಸನ್ನೆಯಲ್ಲೇ ಕೇಳಿದರು. ನಾನು ಅಲ್ಲ ಎಂದು ತಲೆಯಾಡಿಸಿದೆ.

ಆಸಾಮಿ ಬಗ್ಗಿ ಒಳಗೆ ಬಂದ. ಹೆಗಲಿಗೆ ಚೀಲ, ಕೈಯಲ್ಲಿ ಮೊಳದುದ್ದದ ಪೈಪ್ ರೆಂಚ್.

"ಯಾರಿದೀರಾ? ನಲ್ಲಿ ಸೋರ್ತಿದೆ ಅಂತ ಹೇಳಿಕಳಿಸಿದ್ರಲ್ಲ?"

ನಾನು ಕೌಂಟರಿನ ಬದಿಯಿಂದ ಸುತ್ತು ಹಾಕಿ, ಕೊಕ್ಕೆ ಕೋಲಿನಿಂದ ಶಟರನ್ನು ಒಂದೇ ಎಳೆತಕ್ಕೆ ಕೆಳಗೆಳೆದೆ. ಲಾಯರಮ್ಮ ದೀಪ ಹಾಕಿದರು. ಅವನು ಬೆಚ್ಚಿ ತಿರುಗಿದ. ನೋಡಿದ ಕೂಡಲೇ ಗುರುತು ಸಿಕ್ಕಿತು. ಹೋದ ವಾರ ಕೋರ್ಟಿನ ಅಂಗಳದಲ್ಲಿ ನನ್ನ ಅಕ್ಕನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದವನೇ ಇವನು. ಟೀಚರ್ ಗಂಡನ ತಮ್ಮ. ಕೆಲಸದಲ್ಲಿ ಪ್ಲಂಬರು.

"ನಲ್ಲಿ ಎಲ್ಲಿದೆಯಪ್ಪಾ ಇಲ್ಲಿ?" ಎಂದೆ. "ಬೇಕಿದ್ರೆ ಒಂದು ಕನ್ನಡಕ ಹಾಕ್ಕೊಂಡು ಹುಡುಕು. ಬೇಕಾದಷ್ಟಿವೆ."

"ಶಟರ್ ತೆಗೀರಿ."

"ಅತ್ತಿಗೆ ಎಲ್ಲಿ ಅಂತ ಕೇಳಲ್ವಾ?"

ಅವನ ಕಣ್ಣು ಹಿಂದಿನ ಕೋಣೆಯ ಬಾಗಿಲ ಕಡೆ ಹೊರಳಿತು. "ಒಳಗಿದಾರಾ?"

"ಅಬ್ಬಾ, ಎಷ್ಟು ಕಾಳಜಿ!"

"ಮಾತಾಡೋಕೆ ಬಂದೆ ಅಷ್ಟೇ. ಕೇಸು ವಾಪಸ್ ತಗೊಳ್ಳಿ ಅಂತ ಕೇಳೋಕೆ."

"ರೆಂಚ್ ಹಿಡ್ಕೊಂಡು ಕೇಳ್ತಾರಾ?"

"ನಾನು ಪ್ಲಂಬರು ಕಣ್ರೀ. ನನ್ನ ಕೈಲಿ ಹೂವಿರುತ್ತಾ?"

ಹೇಳುತ್ತಲೇ ಅವನು ರೆಂಚನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ. ನಾನು ಕೊಕ್ಕೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹತ್ತೊಂಬತ್ತು ದಿನದ ಕಿಚ್ಚು ಅದಕ್ಕಿಂತ ದೊಡ್ಡದಿತ್ತು. ಬಾ ಮಗನೇ, ಒಂದು ಏಟು ಎತ್ತು, ನಾನು ಮೂರು ಹಾಕುತ್ತೇನೆ ಎಂದು ಮನಸ್ಸು ಕಾಯುತ್ತಿತ್ತು.

"ಹೊರಗೆ ಇಬ್ಬರು ಪೊಲೀಸರಿದ್ದಾರೆ," ಲಾಯರಮ್ಮ ನಿರಾಳವಾಗಿ ಹೇಳಿದರು. ಆ ಹೊತ್ತಿಗೆ ಹೊರಗೆ ನಾಯಿಯೂ ಇರಲಿಲ್ಲ. "ಅದನ್ನ ಕೌಂಟರ್ ಮೇಲಿಡು. ಇಟ್ಟು ಮಾತಾಡಿದ್ರೆ ಮಾತು. ಎತ್ತಿದ್ರೆ ಕೊಲೆ ಪ್ರಯತ್ನ. ಅಣ್ಣನ ಪಕ್ಕದಲ್ಲೇ ಜಾಗ ಮಾಡಿಕೊಡ್ತಾರೆ."

ಅವನು ಶಟರನ್ನು ನೋಡಿದ, ನನ್ನನ್ನು ನೋಡಿದ. ರೆಂಚು ಠಣ್ಣನೆ ಕೌಂಟರಿನ ಮೇಲೆ ಕೂತಿತು.

"ನಮ್ಮಣ್ಣ ಒಳಗೆ ಬರೀ ನೆಲದ ಮೇಲೆ ಮಲಗ್ತಿದಾನೆ," ಎಂದ. "ನಮ್ಮಮ್ಮ ಅನ್ನ ಬಿಟ್ಟಿದಾಳೆ. ಎಲ್ಲಾ ಆ ಹೆಂಗಸಿಂದ. ಅವಳೂ ಅನುಭವಿಸ್ಲಿ."

"ಇನ್ನೂ ಏನು ಅನುಭವಿಸ್ಬೇಕೋ?" ನನ್ನ ಪಿತ್ತ ನೆತ್ತಿಗೇರಿತು. "ಅವರ ದವಡೆಗೆ ತಂತಿ ಹಾಕಿ ಬಿಗಿದಿದ್ದಾರೆ. ಹಾಲು ಕೂಡ ನಳಿಗೆಯಲ್ಲಿ ಹೀರಬೇಕು. ಮಕ್ಕಳಿಗೆ ಪಾಠ ಹೇಳೋ ಬಾಯಿ ಅದು!"

"ಅಷ್ಟೊಂದು ಹೊಡೀತಾನೆ ಅಂತ ನಂಗೇನು ಗೊತ್ತಿತ್ತು?"

ಲಾಯರಮ್ಮ ಕೌಂಟರಿನ ಮೇಲೆ ಎರಡೂ ಅಂಗೈ ಊರಿ ಮುಂದೆ ಬಾಗಿದರು.

"ಅಂದ್ರೆ ಹೋಗ್ತಾನೆ ಅಂತ ಗೊತ್ತಿತ್ತು," ಎಂದರು. "ವಿಳಾಸ ಅಣ್ಣನಿಗೆ ಕೊಟ್ಟವನು ನೀನು."

ಅವನು ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ್ದು ಆಡಿಯಾಗಿತ್ತು. ಅಲ್ಲೇ ಇದ್ದ ಗಿರಾಕಿ ಕುರ್ಚಿಯ ಮೇಲೆ ಕುಸಿದು ಕೂತ.

ನಾನು ಕೋಲು ಬಿಸಾಕಿ ಅವನ ಮುಂದೆ ಹೋಗಿ ನಿಂತೆ. "ನಿನಗೆ ಯಾರು ಕೊಟ್ರು? ಗುಮಾಸ್ತನಾ?"

"ಯಾವ ಗುಮಾಸ್ತ?"

"ಇಂಟರ್ನೆಟ್‌ನವನಾ? ಮಹಡಿ ಮೇಲಿನವ್ರಾ? ಹೆಸರು ಹೇಳು!"

"ಯಾರ್ರೀ ಅವರೆಲ್ಲಾ? ಯಾರೂ ಇಲ್ಲ. ಕಂಪನಿ."

"ಎಂಥ ಕಂಪನಿ?"

ಅವನು ಮುಖ ಒರೆಸಿಕೊಂಡ. "ಇಂಟರ್ನೆಟ್‌ನಲ್ಲಿ ಇದೆ. ಮನೆ ಬಿಟ್ಟು ಹೋದವರನ್ನ ಹುಡುಕಿಕೊಡ್ತೀವಿ ಅಂತ. ನಾವು ಬರೀ ಹೆಸರು ಕೊಟ್ರೆ ಸಾಕು. ಆ ಹೆಸರು ಎಲ್ಲಾದ್ರೂ, ಯಾರದ್ದಾದ್ರೂ ಕಂಪ್ಯೂಟರಲ್ಲಿ ಕಾಣಿಸ್ತು ಅಂದ್ರೆ, ಆ ಸ್ಕ್ರೀನಿನ ಫೋಟೋ ನಮ್ಮ ಫೋನಿಗೆ ಬರುತ್ತೆ. ಅವರ ಪ್ರೋಗ್ರಾಂ ಲಕ್ಷಾಂತರ ಮನೇಲಿದೆಯಂತೆ. ಅತ್ತಿಗೆ ಹೆಸರು ಕೊಟ್ಟಿದ್ದೆ. ನಾಲ್ಕು ತಿಂಗಳು ಏನೂ ಬರ್ಲಿಲ್ಲ. ಆಮೇಲೆ ಒಂದಿನ ಬಂತು."

ಅಂದರೆ ಅಕ್ಕನನ್ನು ಯಾರೂ ಗುರಿ ಇಟ್ಟಿರಲಿಲ್ಲ. ಅವಳ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಊರಗಲದ ಬಲೆ ಬೀಸಿ ಕೂತಿದ್ದರು, ಅದರಲ್ಲಿ ಅಕ್ಕನ ಕಂಪ್ಯೂಟರ್ ಸಿಕ್ಕಿಬಿದ್ದಿತ್ತು.

"ಮೇಡಂ, ಅಕ್ಕ ಗೆದ್ದಳು!" ನನಗೆ ಕಣ್ಣಲ್ಲಿ ನೀರೇ ಬಂತು. "ಇವನ ಬಾಯಲ್ಲೇ ಬಂತಲ್ಲ."

"ಬಾಯಿ ಮಾತು ಸಾಲದು. ಇವತ್ತಿನ ಫೋಟೋ ತೋರ್ಸು," ಲಾಯರಮ್ಮ ಕೈ ಚಾಚಿದರು.

ಅವನು ಫೋನ್ ತೆಗೆದು ಕೊಟ್ಟ. ಲಾಯರಮ್ಮ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಸೆರಗಿನಿಂದ ಒರೆಸಿ ಮತ್ತೆ ಹಿಡಿದರು. "ಥೂ, ಕನ್ನಡಕ ಕಾರಲ್ಲೇ ಬಿಟ್ಟು ಬಂದೆ. ಕನ್ನಡಕದ ಅಂಗಡೀಲಿ ಕೂತು ನನ್ನ ಗತಿ ನೋಡಿ! ನೀವೇ ಓದಿ."

ಓದಿದೆ. ನಮ್ಮದೇ ಸುಳ್ಳು ಅರ್ಜಿ. ಟೀಚರ್ ಹೆಸರು, ಕನ್ನಡಕದ ಅಂಗಡಿ, ರಸ್ತೆ, ಬಾಗಿಲ ನಂಬರು, ಒಂದಕ್ಷರ ಆಚೀಚೆ ಇಲ್ಲ. ಆಗ ನನ್ನ ಕಣ್ಣು ಫೋಟೋದ ಬಲ ಮೂಲೆಗೆ ಹೋಯಿತು. ಅಲ್ಲಿ ಗಡಿಯಾರವಿತ್ತು. ಎಂಟೂ ನಲವತ್ತೆರಡು.

ಅಕ್ಕ ಟೈಪ್ ಮಾಡಬೇಕಾದದ್ದು ಹನ್ನೊಂದಕ್ಕೆ. ಈಗಿನ್ನೂ ಹನ್ನೊಂದಕ್ಕೆ ಐದು ನಿಮಿಷವಿತ್ತು.

ಗಡಿಯಾರದ ಮೇಲ್ಗಡೆ ಕಂಪ್ಯೂಟರಿನಲ್ಲೇ ಬರೆದಿಡುವ ಹಳದಿ ಚೀಟಿಯೊಂದು ತೆರೆದಿತ್ತು. ಆ ದಿನದ ಕೆಲಸದ ಪಟ್ಟಿ: 'ಹೂವಿನಂಗಡಿ, ಫ್ಯಾನ್ ಸದ್ದು. ಹಲ್ಲಿನ ಡಾಕ್ಟರು, ಕೀಬೋರ್ಡಿಗೆ ಕಾಫಿ. ಪೋಸ್ಟ್ ಮಾಸ್ಟರ್ ಮನೆ, ಬೇಡದ ಜಾಹೀರಾತು.'

ಅದು ನಾನು ಬರೆದ ಚೀಟಿ. ನನ್ನ ಅಂಗಡಿಯ ಕಂಪ್ಯೂಟರು. ಬೆಳಿಗ್ಗೆ ಅಕ್ಕನಿಗೆ ನೋಡಿ ಟೈಪ್ ಮಾಡಲು ಒಂದು ಪ್ರತಿ ಇರಲಿ ಎಂದು, ಅಂಗಡಿ ಬಾಗಿಲು ತೆಗೆದ ಕೂಡಲೇ ಅರ್ಜಿಯನ್ನು ಬರೆದು ಪ್ರಿಂಟ್ ತೆಗೆದವಳು ನಾನು.

"ನಿಮ್ಮಕ್ಕನ ಸ್ಕ್ರೀನೇ ತಾನೇ?" ಲಾಯರಮ್ಮ ಉತ್ಸಾಹದಿಂದ ಕೇಳಿದರು. "ಮೂರನೆಯವರು ಕದ್ದು ನೋಡಿದ್ದಾರೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ? ನಾಳೆ ನೀವು ಕಟಕಟೆ ಹತ್ತಿ ಇಷ್ಟು ಹೇಳಿದ್ರೆ ಸಾಕು."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹೊರಗಿನಿಂದ ಯಾರೋ ಶಟರು ಬಡಿದರು. ಪೇದೆಗಳು ಬಂದಿದ್ದರು. ಪ್ಲಂಬರನನ್ನು ಅವರಿಗೊಪ್ಪಿಸುವ ಗಲಾಟೆಯಲ್ಲಿ, ಅಂಗಡಿಗೆ ಗಿರಾಕಿ ಬಂದಿದ್ದಾರೆ ಎಂದೇನೋ ತೊದಲಿ ಅಲ್ಲಿಂದ ಓಡಿದೆ.

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇಲ್ಲ.

ನಂಬುವುದು ಕಷ್ಟ ಎಂದು ಗೊತ್ತು. ಮರೆತ ಪಾಸ್‌ವರ್ಡ್ ಬಿಡಿಸುವ, ಕೆಟ್ಟ ಡಿಸ್ಕು ಕೆದಕುವ ನಮ್ಮ ರಿಪೇರಿಯವರ ಸಲಕರಣೆಗಳೆಲ್ಲ ಆಂಟಿವೈರಸ್ಸಿನ ಕಣ್ಣಿಗೆ ಕಳ್ಳರಂತೆಯೇ ಕಾಣುತ್ತವೆ. ಹಾಕಿದ ಹಾಕಿದ ಹಾಗೆ ಅಳಿಸಿಹಾಕುತ್ತದೆ. ಅದರ ಕಾಟ ತಾಳದೆ ನನ್ನದರಲ್ಲಿ ಅದನ್ನೇ ಕಿತ್ತುಹಾಕಿ ಎಷ್ಟೋ ವರ್ಷವಾಯಿತು. ಗಿರಾಕಿಗಳ ಮನೆಗೆ ಹೋದಾಗಲೂ ಅಷ್ಟೇ. ಪೆನ್‌ಡ್ರೈವ್ ಚುಚ್ಚುವ ಮೊದಲು ಅವರ ಆಂಟಿವೈರಸ್ಸನ್ನು ಐದು ನಿಮಿಷ ಆಫ್ ಮಾಡುತ್ತೇನೆ. ಕೆಲಸ ಸಲೀಸಾಗುತ್ತದೆ. ಈ ಕಸುಬಿನವರೆಲ್ಲ ಹಾಗೇ ಮಾಡುವುದು, ಯಾರೂ ಗಿರಾಕಿಗೆ ಹೇಳುವುದಿಲ್ಲ.

ಹತ್ತು ನಿಮಿಷದಲ್ಲಿ ಸಿಕ್ಕಿತು. ಮೂರು ತಿಂಗಳ ಹಿಂದೆ ನಾನೇ ಇಳಿಸಿಕೊಂಡಿದ್ದ ಪ್ರೋಗ್ರಾಂ. ಹಳೇ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಬೇಕಾದ ಡ್ರೈವರ್ ಎಂಬ ಪೂರಕ ಪ್ರೋಗ್ರಾಮು ಹುಡುಕಿಕೊಡುತ್ತೇವೆ ಎಂದು ಬಿಟ್ಟಿಯಾಗಿ ಕೊಟ್ಟದ್ದು. ಬಿಟ್ಟಿ ಸಿಕ್ಕಿದ್ದಕ್ಕೆಲ್ಲ 'ಮುಂದೆ, ಮುಂದೆ, ಒಪ್ಪಿದೆ' ಎಂದು ಒತ್ತಬೇಡಿ ಎಂದು ಊರಿಗೆಲ್ಲ ಬೈಯುವವಳು ನಾನು. ಪೋಸ್ಟ್ ಮಾಸ್ಟರಿಗಂತೂ ಅವರ ಮೊಮ್ಮಕ್ಕಳ ಮುಂದೆಯೇ ಬೈದಿದ್ದೆ. ಆ ದಿನ ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ನಾನು ಒತ್ತಿದ್ದೂ ಅದನ್ನೇ. ಮುಂದೆ, ಮುಂದೆ, ಒಪ್ಪಿದೆ.

ಒಪ್ಪಂದವನ್ನು ಈಗ ತೆರೆದು ಓದಿದೆ. ಹದಿನೇಳನೆಯ ಪುಟದಲ್ಲಿ ಬರೆದೇ ಇತ್ತು: 'ತೆರೆಯ ಮೇಲಿನ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಲು ತಾವು ಸಮ್ಮತಿಸಿರುತ್ತೀರಿ.'

ಸಮ್ಮತಿಸಿದ್ದೆ. ನನ್ನ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಏರ್ಪಾಡು ಇದ್ದದ್ದರಿಂದ ಚಪ್ಪಲಿ, ಹಾಸಿಗೆ ಯಾವುದೂ ನನಗೆ ಕಾಣಿಸಲಿಲ್ಲ. ಕಳ್ಳಗಣ್ಣು ಮಾತ್ರ ತೆಪ್ಪಗೆ ಕೂತಿತ್ತು. ಆ ಡ್ರೈವರ್ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಮನೆಗೆ ಹೊತ್ತುಕೊಂಡು ಹೋದೆ. ಜಾಹೀರಾತಿನ ಕಾಟ ಎಂದು ಕರೆದವರ ಮನೆಗೂ ಅದೇ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ 'ಕ್ಲೀನ್' ಮಾಡಿ ಬಂದೆ. ಪುಸ್ತಕ ತೆಗೆದು ಎಣಿಸಿದೆ. ಅರವತ್ತಮೂರು ಮನೆ. ಅದರಲ್ಲಿ ಅಕ್ಕನದೂ ಒಂದು.

ಬೆರಳು ಮುರಿಯುತ್ತೇನೆ ಎಂದಿದ್ದೆನಲ್ಲ, ಆ ಬೆರಳುಗಳು ನನ್ನದೇ ಕೀಬೋರ್ಡಿನ ಮೇಲೆ ಕೂತಿದ್ದವು. ಇಂಟರ್ನೆಟ್ಟಿನ ವೈರನ್ನು ಕಿತ್ತ ರಭಸಕ್ಕೆ ಗೋಡೆಯ ಸುಣ್ಣವೂ ಕಿತ್ತುಬಂತು. ನನ್ನ ಮೇಲೆ ನನಗೇ ಹುಟ್ಟಿದ ಆ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ, ಬಾಗಿಲು ಹಾಕಿ ಅಕ್ಕನ ಮನೆಗೆ ನಡೆದೆ.

ಅಕ್ಕ ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತು, ಸುಳ್ಳು ಅರ್ಜಿ ಮುಗಿಸಿ ಇನ್ನೊಂದು ಕಾಗದ ಟೈಪ್ ಮಾಡುತ್ತಿದ್ದಳು. ಅವಳು ಕೀಬೋರ್ಡ್ ನೋಡುವುದೇ ಇಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ.

"ಬಂದ್ಯಾ? ಯಾರಾದ್ರೂ ಸಿಕ್ಕಿದ್ರಾ?"

"ಸಿಕ್ಕಿದ್ರು ಅಕ್ಕ. ಇಬ್ರು ಸಿಕ್ಕಿದ್ರು."

ನಿಂತಲ್ಲೇ ನಿಂತು ಎಲ್ಲ ಹೇಳಿದೆ. ಪ್ಲಂಬರು, ಕಂಪನಿ, ಹಳದಿ ಚೀಟಿ, ಪೆನ್‌ಡ್ರೈವ್. ಅವಳು ಗಾಬರಿಯಾಗುತ್ತಾಳೆ, ಬೈಯುತ್ತಾಳೆ, ಎರಡು ಬಾರಿಸಿದರೂ ಬಾರಿಸಿಯಾಳು ಎಂದುಕೊಂಡಿದ್ದೆ. ಬಾರಿಸಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತಳು.

"ಗೊತ್ತು ಕಣೇ," ಎಂದಳು.

"ಏನು ಗೊತ್ತು?"

"ಇನ್ಸ್‌ಪೆಕ್ಟರು ಹೋದ ವಾರವೇ ಕೇಳಿದ್ರು. ಡಿಸ್ಕಿನಲ್ಲಿ ಮೊದಲನೇ ದಿನದ ಗುರುತು ಸಿಕ್ಕಿತಂತೆ. ಒಂದು ಭಾನುವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ಯಾರೋ ಕೈಯಾರೆ ಆಂಟಿವೈರಸ್ಸನ್ನ ಐದು ನಿಮಿಷ ನಿಲ್ಲಿಸಿ ಒಳಗೆ ಬಿಟ್ಟಿದಾರೆ. ಬೇಕೂಂತ ಮಾಡದೆ ಹಾಗಾಗಲ್ಲ, ಆ ಹೊತ್ತಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರು ಯಾರು ಅಂದ್ರು."

ಆ ಭಾನುವಾರ ನನಗೆ ಚೆನ್ನಾಗಿ ನೆನಪಿತ್ತು. ಕಂಪ್ಯೂಟರ್ ನಿಧಾನವಾಗಿದೆ ಎಂದಿದ್ದಳು. ನಾನು ಇಲ್ಲಿ ಕೂತು ಕೆಲಸ ಮಾಡುತ್ತಿದ್ದೆ, ಅವಳು ಒಳಗೆ ಕಾಫಿ ಮಾಡುತ್ತಿದ್ದಳು.

"ನೀನೇನಂದೆ?"

"ನಾನೇ ಅಂದೆ."

"ಅಕ್ಕಾ!"

"ಮತ್ತೆ ನಿನ್ನ ಹೆಸರು ಹೇಳ್ಬೇಕಿತ್ತಾ? ಬರ್ಕೊಂಡು ಬಂದ್ರು, ಸಹಿ ಹಾಕಿದೆ. ಮೂರು ಕಡೆ."

ಇನ್ಸ್‌ಪೆಕ್ಟರು ಒಂದು ವಾರದಿಂದ ನನ್ನ ಮಾತಿಗೆಲ್ಲ ತುಟಿ ಕೊಂಕಿಸುತ್ತಿದ್ದದ್ದು ಏಕೆಂದು ಆಗ ಅರ್ಥವಾಯಿತು. ಅಷ್ಟಲ್ಲದೆ ಇನ್ನೊಂದು ಸಂಗತಿಯೂ ಅರ್ಥವಾಯಿತು, ಅದು ಎದೆಗೇ ಇರಿಯಿತು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಅವಳು ಕೀಬೋರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

"ನಾನು ಬೇಕೂಂತ ಮಾಡಿದೆ ಅಂದ್ಕೊಂಡ್ಯಾ? ವಿಳಾಸ ಮಾರ್ಕೊಂಡೆ ಅಂತ?"

"ಮೊದಲನೇ ದಿನ ಅಂದ್ಕೊಂಡೆ."

"ಮೊದಲನೇ ದಿನ ಮಾತ್ರಾನಾ?"

ಅಕ್ಕ ತಲೆ ಎತ್ತಲಿಲ್ಲ. ನನಗೆ ಅತ್ತುಬಿಡಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಲಾಯರಮ್ಮ.

"ಎಲ್ಲಿ ಓಡಿಹೋದ್ರೀ?" ಅವರ ದನಿಯಲ್ಲಿ ನಗುವಿತ್ತು. "ಪ್ಲಂಬರು ಎಲ್ಲಾ ಬರೆದುಕೊಟ್ಟ. ಇನ್ಸ್‌ಪೆಕ್ಟರಿಗೆ ಒಂದೇ ಪ್ರಶ್ನೆ ಉಳಿದಿದೆಯಂತೆ. ಆ ಫೋಟೋ ನಿಮ್ಮಕ್ಕನ ಸ್ಕ್ರೀನಿಂದು ಅಂತ ನೀವು ಹೇಳಿದ್ರೆ, ಆಕೆಯೂ ಮೋಸಹೋದವಳು ಅಂತ ಬರೆದು, ನಾಳೆ ಬಿಟ್ಟುಬಿಡ್ತಾರೆ. ಹೇಳಿ, ಅವಳದೇ ತಾನೇ?"

ಅಕ್ಕನಿಗೂ ಕೇಳಿಸಿತ್ತು. ನನ್ನ ತೋಳು ಹಿಡಿದು ಜಗ್ಗಿದಳು. "ಹೌದು ಅನ್ನು," ತುಟಿಯಲ್ಲೇ ಹೇಳಿದಳು. "ನಾನು ಎಂಟೂವರೆಗೇ ಟೈಪ್ ಮಾಡಿದೆ ಅಂತೀನಿ. ಇಬ್ರೂ ಬಚಾವಾಗ್ತೀವಿ. ಹೌದು ಅನ್ನೇ!"

ಒಂದೇ ಒಂದು 'ಹೌದು'. ಅಕ್ಕ ಮನೆಯಲ್ಲಿ, ನಾನು ಅಂಗಡಿಯಲ್ಲಿ, ಅರವತ್ತಮೂರು ಮನೆಗಳಲ್ಲಿ ಆ ಕಣ್ಣು. ಯಾವ ಮನೆಯಲ್ಲಿ ಇನ್ಯಾವ ಹೆಂಗಸಿನ ಹೆಸರು ಯಾವಾಗ ಸ್ಕ್ರೀನಿನ ಮೇಲೆ ಬರುತ್ತದೋ ಯಾರು ಬಲ್ಲರು? ಹತ್ತೊಂಬತ್ತು ದಿನ ಬೇಟೆ ಆಡಿದ್ದೆ. ಬೇಟೆ ಸಿಕ್ಕ ಮೇಲೆ, ಅದು ನಾನೇ ಎಂಬ ಕಾರಣಕ್ಕೆ ಬಿಟ್ಟುಬಿಡಲು ನನ್ನ ರೋಷ ಒಪ್ಪಲಿಲ್ಲ.

"ಅಲ್ಲ ಮೇಡಂ," ಎಂದೆ.

ಅಕ್ಕ ಕಣ್ಣು ಮುಚ್ಚಿಕೊಂಡಳು.

"ಅದು ನನ್ನ ಅಂಗಡಿ ಸ್ಕ್ರೀನು. ಅಕ್ಕನ ಮನೆಗೆ ಅದನ್ನ ತಂದು ಹಾಕಿದ್ದೂ ನಾನೇ. ಗೊತ್ತಿಲ್ಲದೆ ತಂದೆ, ಆದ್ರೆ ತಂದಿದ್ದು ನಾನೇ. ಭಾನುವಾರ ಕಂಪ್ಯೂಟರ್ ಮುಂದೆ ಕೂತಿದ್ದೂ ನಾನೇ. ಅವಳು ನನ್ನನ್ನ ಉಳಿಸೋಕೆ ಸುಳ್ಳು ಸಹಿ ಹಾಕಿದಾಳೆ. ಅವಳ ಹೆಸರು ತೆಗೆಸಿಬಿಡಿ ಮೇಡಂ. ನನ್ನದು ಹಾಕ್ಕೊಳ್ಳಿ."

ಆ ಕಡೆ ಸದ್ದೇ ಇಲ್ಲ. ಲೈನು ಕಟ್ಟಾಯಿತೇನೋ ಎಂದು ಫೋನ್ ನೋಡಿದೆ. ಇಲ್ಲ, ಹಾಗೇ ಇತ್ತು. ದೂರದಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು, ನರ್ಸೊಬ್ಬಳು ಯಾರನ್ನೋ ಕರೆದ ಸದ್ದು.

"ಮೇಡಂ, ಎಲ್ಲಿದೀರಾ?"

"ಆಸ್ಪತ್ರೇಲಿ." ಲಾಯರಮ್ಮನ ನಗು ಎಲ್ಲೋ ಹೋಗಿತ್ತು. "ಒಳ್ಳೇ ಸುದ್ದಿ, ಟೀಚರೂ ಕೇಳಿಸ್ಕೊಳ್ಳಲಿ ಅಂತ ಫೋನನ್ನ ಸ್ಪೀಕರ್‌ನಲ್ಲಿ ಇಟ್ಟಿದ್ದೆ."

ನಾನು ಅಕ್ಕನತ್ತ ನೋಡಿದೆ.

"ಇನ್ನು ನನ್ನ ಹತ್ರ ಒಂದು ಮಾತೂ ಆಡ್ಬೇಡಿ," ಎಂದರು. "ನಾನು ಅವರ ಲಾಯರು. ನಿಮ್ಮ ಲಾಯರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ಇವತ್ತೇ."

"ಅಕ್ಕನ್ನ ಬಿಡ್ತಾರಲ್ವಾ? ಅದೊಂದು ಹೇಳಿ ಮೇಡಂ."

"ತಡೀರಿ. ಅವರೇನೋ ಬರೀತಿದಾರೆ."

ದವಡೆ ಬಿಗಿದಿದ್ದ ಟೀಚರ್ ಮಾತಾಡುವುದೆಲ್ಲ ನೋಟ್‌ಬುಕ್ಕಿನಲ್ಲೇ. ಕಾಗದದ ಮೇಲೆ ಪೆನ್ನು ಒತ್ತಿ ಎಳೆಯುವ ಸದ್ದು ಇಲ್ಲಿಯವರೆಗೂ ಕೇಳಿಸಿತು. ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಲಾಯರಮ್ಮ ಓದಿ ಹೇಳಿದರು.

"'ಅಕ್ಕ ಗೊತ್ತಿದ್ದೂ ಸುಳ್ಳು ಸಹಿ ಹಾಕಿದ್ದಾಳೆ. ಅವಳ ಹೆಸರು ತೆಗೀಬೇಡಿ. ತಂಗಿ ಹೆಸರನ್ನೂ ಸೇರಿಸಿ.'"